ಹೊಂಗೆ ಡೀಸೆಲ್‌ಗೆ ಜೀಪು ಒಗ್ಗಿದ್ದು

ಮಾವನವರ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಅವರನ್ನು ಡಯಾಲಿಸಿಸ್‌ಗೆ ಮಡಿಕೇರಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಗಂಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಳ್ಳದೆ ಕದಲುವಂತಿರಲಿಲ್ಲ. ಕುಶಾಲನಗರದ ಪಕ್ಕದ ನಮ್ಮ ಜೋಳದ ಹೊಲದ ದಾರಿಯಲ್ಲಿ ಡ್ರೈವಿಂಗ್ ಕಲಿತಿದ್ದ ನಾನು ಮನೆಯ ಹಳೆಯ ಡೀಸೆಲ್ ಜೀಪು ಹತ್ತಿದೆ.

ಆ ವರ್ಷವೇ ನಮ್ಮ ಕಡೆ ಒಬ್ಬರು ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸಲು ಶುರು ಮಾಡಿದ್ದರು. ನಮ್ಮ ಬದುವಿನ ಮರಗಳ ಬೀಜವನ್ನೂ ಕೊಂಡರು. ನಮ್ಮ ಮರದ ಎಣ್ಣೆಯಲ್ಲಿ ನಮ್ಮ ಜೀಪು ಓಡುವುದೆಂದರೆ ನನಗೆ ಎಲ್ಲಿಲ್ಲದ ಹಿಗ್ಗು. "ಡೀಸೆಲ್‌ಗೆ ಬೆರೆಸುವಾಗ ನೂರು ಪಾಲಲ್ಲಿ ಇಪ್ಪತ್ತು ಪಾಲು ಮೀರಬೇಡಿ" ಎಂದು ಹೇಳಿಯೇ ಅವರು ಕ್ಯಾನು ಕೊಟ್ಟಿದ್ದರು. ಎರಡು ವಾರ ಪಾಲಿಸಿದೆ. ಹೊಗೆ ಕಡಿಮೆಯಾಯಿತು. ಮೂರನೆಯ ವಾರ ಯಾರನ್ನೂ ಕೇಳದೆ ಅರ್ಧಕ್ಕರ್ಧ ಸುರಿಯತೊಡಗಿದೆ.

ಕೆಲವು ದಿನಗಳ ಬಳಿಕ, ಸುಂಟಿಕೊಪ್ಪ ದಾಟಿದ ಮೇಲಿನ ಏರಿನಲ್ಲಿ ಜೀಪು ಎರಡು ಸಲ ಮುಗ್ಗರಿಸಿತು, ಆಮೇಲೆ ನಿಂತೇಬಿಟ್ಟಿತು.

"ಯಾಕವ್ವಾ ನಿಲ್ಸ್‌ಬಿಟ್ಟೆ?" ಎಂದರು ಮಾವ.

"ನಾನು ನಿಲ್ಸಿಲ್ಲ ಮಾವ. ಅದೇ ನಿಂತೋಯ್ತು."

ಅವರ ಪಾದ ಚಪ್ಪಲಿಗೆ ಹಿಡಿಸದಷ್ಟು ಊದಿತ್ತು. ಉಸಿರು ಕಷ್ಟಪಟ್ಟು ಎಳೆದುಕೊಳ್ಳುತ್ತಿದ್ದರು. ನಾನು ರಸ್ತೆಯುದ್ದಕ್ಕೂ ಓಡಿದೆ. ತಿರುವಿನಾಚೆ ಒಂದು ಗ್ಯಾರೇಜು. ಬಿಳಿ ಗಡ್ಡದ ಮೆಕ್ಯಾನಿಕ್ ಆಗಷ್ಟೇ ಶಟರ್ ಎತ್ತುತ್ತಿದ್ದರು. ಊರಿನವರಂತೆ ಆಮೇಲೆ ನಾನೂ ಅವರನ್ನು ಕಾಕ ಎನ್ನತೊಡಗಿದೆ. ಅವತ್ತು ಬಾಯಿಗೆ ಬಂದದ್ದು "ಸಾರ್" ಅಂತ.

ಅವರು ನನ್ನ ಜೊತೆ ಬಂದು, ಬಾನೆಟ್ ಕಡೆ ತಿರುಗಿಯೂ ನೋಡದೆ ಮಾವನ ಮುಖ ನೋಡಿದರು. ನೇರ ತಮ್ಮ ಕಾರಿನ ಕೀ ತೆಗೆದು ನನ್ನ ಕೈಗಿಟ್ಟರು.

"ಗಾಡಿ ಎಲ್ಲೂ ಓಡಿಹೋಗೂದಿಲ್ಲ. ಮೊದ್ಲು ಇವರನ್ನ ಆಸ್ಪತ್ರೆಗೆ ಮುಟ್ಸು, ಮೋಳೇ."

ಹೆಸರು ಕೂಡ ಕೇಳದೆ ಮಲಯಾಳದಲ್ಲಿ 'ಮಗಳೇ' ಎಂದುಬಿಟ್ಟಿದ್ದರು. ಗ್ಯಾರೇಜಿನಿಂದ ಅವರ ಕಾರು ತಂದು ಮಾವನನ್ನು ಕೂರಿಸಿಕೊಂಡು ಹೊರಟೆ.

ಮಧ್ಯಾಹ್ನ ಮಾವನೊಂದಿಗೆ ಹಿಂತಿರುಗಿದಾಗ ಕಾಕ ಒಂದು ಹಳೆಯ ಪೇಪರಿನ ಮೇಲೆ ಡೀಸೆಲ್ ಫಿಲ್ಟರ್ ಬಿಚ್ಚಿಟ್ಟಿದ್ದರು. ಕಪ್ಪಗೆ, ಟಾರಿನ ಹಾಗೆ ಅಂಟು ಗಸಿ. ಪಕ್ಕದಲ್ಲಿ ಉಬ್ಬಿ ಮೆತ್ತಗಾದ ರಬ್ಬರ್ ಪೈಪು. ನಾನು ಎಲ್ಲ ಒಪ್ಪಿಕೊಂಡು ಬೈಗುಳಕ್ಕೆ ಕಾದೆ.

"ಎಣ್ಣೆ ಒಳ್ಳೇದೇ," ಎಂದರು. "ಆದ್ರೆ ಅದು ಸೋಪಿದ್ದಂಗೆ. ಇಷ್ಟು ವರ್ಷ ಟ್ಯಾಂಕಲ್ಲಿ ಕೂತಿದ್ದ ಗಲೀಜೆಲ್ಲ ತೊಳ್ಕೊಂಡು ಬಂದು ಇಲ್ಲಿ ಕಟ್ಟಿದೆ. ಹಳೇ ರಬ್ಬರಿಗೂ ಅದು ಆಗೂದಿಲ್ಲ. ಈ ಪೈಪು ಸೋರಿ ಬಿಸಿ ಇಂಜಿನ್ ಮೇಲೆ ಬಿದ್ದಿದ್ರೆ?"

"ಹಾಗಾದ್ರೆ ಬಿಟ್ಟೇಬಿಡ್ಲಾ?" ಎಂದೆ.

"ಯಾಕೆ ಬಿಡೂದು? ಎಣ್ಣೆ ಕೊಟ್ಟವರು ಹೇಳಿದ ಅಳತೆ ಮೀರ್ಬೇಡ, ಸಾಕು."

ಅವತ್ತು ನಮ್ಮನ್ನು ತಮ್ಮ ಕಾರಿನಲ್ಲೇ ಮನೆಗೆ ಕಳಿಸಿ, ಮರುದಿನ ಟ್ಯಾಂಕ್ ಇಳಿಸಿ ತೊಳೆದು, ಈ ಎಣ್ಣೆಗೆ ತಡೆಯುವ ಹೊಸ ಪೈಪು ಹಾಕಿದರು. ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಬಿಡುವುದು ಹೇಗೆಂದು ತೋರಿಸಿ, ನನ್ನ ಕೈಯಿಂದಲೇ ಮೂರು ಸಲ ಮಾಡಿಸಿದರು. ಮೊದಲ ಎರಡು ಮೂರು ಟ್ಯಾಂಕು ಮುಗಿದಂತೆ ಫಿಲ್ಟರ್ ಬದಲಿಸಬೇಕು, ಕ್ಯಾನಿಗೆ ನೀರು ಸೋಕಬಾರದು, ತಿಂಗಳುಗಟ್ಟಲೆ ಇಡಬಾರದು. ಗಾಣದ ಎಣ್ಣೆಯನ್ನಂತೂ ಹಾಗೇ ಸುರಿಯಲೇಬಾರದು. ಒಂದು ಹೊಸ ಫಿಲ್ಟರನ್ನು ಸೀಟಿನ ಕೆಳಗೆ ತಾವೇ ಇಟ್ಟರು.

ಆಮೇಲೆ ಜೀಪು ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಮಾವನೂ ಧೈರ್ಯ ತಂದುಕೊಂಡರು. ಪಕ್ಕದ ಹಳ್ಳಿಯ ಹೆಂಗಸೊಬ್ಬರು ಎರಡು ಬಸ್ಸು ಬದಲಿಸಿ ಅದೇ ಡಯಾಲಿಸಿಸ್‌ಗೆ ಬರುತ್ತಿದ್ದರು.

"ಹಿಂದೆ ಜಾಗ ಖಾಲಿ ಇರ್ತದಲ್ಲವ್ವಾ. ಅವ್ರನ್ನೂ ಕೂರಿಸ್ಕೊ" ಎಂದರು ಮಾವ.

ಎರಡು ವರ್ಷ ಇಬ್ಬರೂ ನನ್ನ ಹಿಂದೆ ಕೂತು, ದಾರಿಯುದ್ದಕ್ಕೂ ತಾವು ತಿನ್ನಬಾರದ ತಿಂಡಿಗಳ ಮಾತಾಡುತ್ತಿದ್ದರು. ಮಾವ ಈಗಿಲ್ಲ. ಆ ಹೆಂಗಸನ್ನು ಈಗಲೂ ನಾನೇ ಕರೆದೊಯ್ಯುತ್ತೇನೆ. ಗ್ಯಾರೇಜಿನ ಮುಂದೆ ಹಾರ್ನ್ ಹೊಡೆದರೆ, ಕಾಕ ಯಾವುದೋ ಗಾಡಿಯ ಅಡಿಯಿಂದಲೇ ಕೈ ಎತ್ತುತ್ತಾರೆ.