ರಂಗೋಲಿ ಗೆರೆಯೊಳಗಿನ ಎಮ್ಮೆ

ನಮ್ಮ ಅತ್ತೆಯ ಕುತ್ತಿಗೆ ಗಿಡ್ಡ. ಅದರ ಸುತ್ತ ಎರಡು ಮಡಿಕೆ, ಮಡಿಕೆಗಳ ನಡುವೆ ಬೋರಮಾಳ ಸರ. ಕಾರಿನಲ್ಲಿ ಕೂತರೆ ಸಾಕು, ಆ ಕುತ್ತಿಗೆಗೆ ಜೀವ ಬರುತ್ತದೆ. ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಹೆಗಲ ಮೇಲಿಂದ ಹಿಂದಕ್ಕೊಮ್ಮೆ ಚಕ್ಕನೆ ತಿರುಗುತ್ತದೆ. ತಿರುಗಿದಾಗಲೆಲ್ಲ ಸರದ ಗುಂಡುಗಳು ಒಂದಕ್ಕೊಂದು ತಾಗಿ ಸಣ್ಣ ಸದ್ದು ಮಾಡುತ್ತವೆ. ಮದುವೆಯಾಗಿ ಲಕ್ಷ್ಮೇಶ್ವರದ ಈ ಮನೆಗೆ ಬಂದ ಮೊದಲ ವಾರವೇ ನಾನು ಆ ಸದ್ದು ಕೇಳಿದೆ. ಐವತ್ತು ದಾಟಿದ ಹೆಂಗಸು, ಇಳಕಲ್ ಸೀರೆ ಉಟ್ಟವರು, ಬಜಾರದಲ್ಲಿ ಕಾಳಿನ ಚೀಲ ಹೇರಿದ ಗಾಡಿಗಳ ನಡುವೆ ಕಾರನ್ನು ನೀರಿನಂತೆ ಹರಿಸಿಕೊಂಡು ಹೋದರು. ಹಿಂದಿನ ಸೀಟಿನಲ್ಲಿದ್ದ ನನಗೆ ಚಪ್ಪಾಳೆ ತಟ್ಟಬೇಕೆನಿಸಿತ್ತು. ಹೊಸ ಸೊಸೆ ಎಂದು ಸುಮ್ಮನಿದ್ದೆ.

ಅವರು ಕಾರು ಕಲಿತದ್ದು ಬುತ್ತಿಗಾಗಿ. ಸೊರಟೂರಿನ ಹತ್ತಿರ ನಮ್ಮ ಹೊಲವಿದೆ. ಆರು ವರ್ಷದ ಹಿಂದಿನ ಸುಗ್ಗಿಯಲ್ಲಿ ನನ್ನ ಗಂಡ ಕಾಲು ಮುರಿದುಕೊಂಡು ಮಲಗಿದ್ದರಂತೆ. ಹೊಲದ ಆಳುಗಳಿಗೆ ರೊಟ್ಟಿ ಒಯ್ಯುವವರಿಲ್ಲ, ಕಾರು ಅಂಗಳದಲ್ಲಿ ಧೂಳು ತಿನ್ನುತ್ತ ನಿಂತಿದೆ. ಅತ್ತೆ ತವರಿನಿಂದ ತಮ್ಮನನ್ನು ಕರೆಸಿಕೊಂಡರು, ಸೀಟಿನ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡು ಎತ್ತರವಾದರು, ಕಲಿತರು, ಲೈಸೆನ್ಸೂ ಬಂತು. ಆಮೇಲೆ ಒಂದು ದಿನ ಹೊಲದಿಂದ ಬಂದು ನಮ್ಮ ಓಣಿಗೆ ಎಡಕ್ಕೆ ಹೊರಳಿಸುವಾಗ ಪಕ್ಕದ ಮನೆಯವರ ಎಮ್ಮೆಗೆ ಕಾರಿನ ಮಗ್ಗುಲು ಉಜ್ಜಿತು. ಎಮ್ಮೆಗೆ ಏನೂ ಆಗಲಿಲ್ಲ, ಬಾಗಿಲಿಗೆ ತಗ್ಗು ಬಿತ್ತು. ಓಣಿಯ ಗಂಡಸರು ನಗಾಡಿದರು. ಅತ್ತೆ ಆ ನಗೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಕನ್ನಡಿ ನೋಡಿಯೇ ಹೊರಳಿಸಿದೆ, ಅಷ್ಟು ದೊಡ್ಡ ಎಮ್ಮೆ ಆಗ ಎಲ್ಲಿತ್ತು?

ಮರುದಿನ ಅದೇ ಎಮ್ಮೆಯನ್ನು ಕೇಳಿ ತಂದು, ಕಾರಿನ ಸುತ್ತ ನಡೆಸಿ, ತಾವು ಒಳಗೆ ಕೂತು ನೋಡಿದರು. ಉತ್ತರ ಸಿಕ್ಕಿತು. ಆ ಉತ್ತರವನ್ನೇ ಅವರು ನನಗೆ ಕಲಿಸಿದ್ದು.

ನನಗೆ ಕಾರು ಬೇಕಾದದ್ದು ಕೆಲಸಕ್ಕೆ. ಮುಳಗುಂದದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ಬಸ್ಸಿನಲ್ಲಿ ಹೋದರೆ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆಯೇ ಮುಟ್ಟುವುದು. ಮನೆಯಲ್ಲಿ ಕಾರಿತ್ತು, ಅತ್ತೆ ಕಲಿಸಲು ತಯಾರಿದ್ದರು, ನನ್ನ ಗಂಡನೂ ಹೂಂ ಎಂದಿದ್ದರು. ಉಳಿದದ್ದು ದೊಡ್ಡ ಮಾವನವರ ಮಾತು. ಅವರು ನನ್ನ ಮಾವನವರ ಅಣ್ಣ, ಮನೆಯ ಹಿರಿಯರು. ಅವರೆದುರು ಮನೆಯ ಹೆಂಗಸರು ಯಾರೂ ತಲೆಯ ಮೇಲಿನ ಸೆರಗು ಇಳಿಸುವುದಿಲ್ಲ, ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ. ಅತ್ತೆ ಕಾರು ಓಡಿಸುವುದನ್ನು ಅವರು ಬೇಡವೆಂದಿರಲಿಲ್ಲ, ಸರಿ ಎಂದೂ ಅಂದಿರಲಿಲ್ಲ. ಅವರು ಕಾರು ಹತ್ತುವ ದಿನ ಅತ್ತೆ ಕೀಲಿಯನ್ನು ಮಗನ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು.

ಪಾಠ ಶುರುವಾದದ್ದು ಒಂದು ರವಿವಾರ. ಅಂಗಳದಲ್ಲಿ ಕಾರು. ನಾನು ಸ್ಟೀರಿಂಗ್ ಹಿಡಿದು ಕೂತೆ. ಅತ್ತೆ ಮೊದಲು ಸೀಟು ಸರಿಮಾಡಿಸಿದರು. ಸೀಟು ಸರಿಯಾಗದೆ ಕನ್ನಡಿ ಮುಟ್ಟಕೂಡದು. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ಆಮೇಲೆ ಹೊರಗಿನ ಕನ್ನಡಿ. ನಾನು ಅದನ್ನು ನಮ್ಮ ಕಾರಿನ ಬಾಗಿಲೆಲ್ಲ ಚೆನ್ನಾಗಿ ಕಾಣುವ ಹಾಗೆ ತಿರುಗಿಸಿಕೊಂಡಿದ್ದೆ.

"ನಿನ್ನ ಗಾಡಿ ನೀ ಏನ ನೋಡ್ತಿ?" ಎಂದರು. "ಅದೆಲ್ಲಿ ಓಡಿ ಹೋಗತೈತಿ? ಮಂದೀನ ನೋಡು."

ಕನ್ನಡಿಯನ್ನು ಹೊರಕ್ಕೆ, ಇನ್ನೂ ಹೊರಕ್ಕೆ ಸರಿಸಿದರು. ನಮ್ಮ ಕಾರು ಅಂಚಿನಲ್ಲಿ ಒಂದು ಗೆರೆಯಷ್ಟೇ ಉಳಿಯಿತು, ರಸ್ತೆ ಅಗಲವಾಯಿತು. ಆಮೇಲೆ ಕೈಯಲ್ಲಿ ರಂಗೋಲಿ ಡಬ್ಬಿ ಹಿಡಿದು ಕಾರಿನ ಹಿಂದಿನಿಂದ ನಡೆಯುತ್ತ ಬಂದರು. ನನ್ನ ಕೆಲಸ, ಅವರು ಕನ್ನಡಿಯಿಂದ ಮಾಯವಾದ ಕೂಡಲೇ ಕೂಗುವುದು. ಕಣ್ಣಂಚಿಗೆ ಮತ್ತೆ ಬಿದ್ದ ಕೂಡಲೇ ಇನ್ನೊಮ್ಮೆ ಕೂಗುವುದು. ಕೂಗಿದಲ್ಲೆಲ್ಲ ಚುಕ್ಕೆ ಇಟ್ಟರು. ಚುಕ್ಕೆಗಳನ್ನು ಕೂಡಿಸಿ ಗೆರೆ ಎಳೆದಾಗ ಕಾರಿನ ಎರಡೂ ಮಗ್ಗುಲಿಗೆ ಎರಡು ದೊಡ್ಡ ಬಿಳಿ ರೆಕ್ಕೆ ಮೂಡಿದವು. ಬಲಗಡೆಯ ರೆಕ್ಕೆಯೊಳಗೆ ಎಮ್ಮೆಯನ್ನು ತಂದು ನಿಲ್ಲಿಸಿದರು.

"ಎಮ್ಮಿ ಕಾಣತೈತೇನ?"

"ಇಲ್ರಿ ಅತ್ತಿ."

"ಕನ್ನಡ್ಯಾಗ ಛಲೋತ್ನಾಗಿ ನೋಡು."

"ಇಲ್ರಿ, ಬರೇ ಅಂಗಳ ಕಾಣತೈತಿ."

"ಈಗ ಹೊಳ್ಳಿ ನೋಡು."

ಹೆಗಲ ಮೇಲಿಂದ ತಿರುಗಿದೆ. ಕಿಟಕಿಯಾಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಎಮ್ಮೆ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು. ನಾನು ಕಿರುಚಿಯೇಬಿಟ್ಟೆ. ಅಷ್ಟು ದೊಡ್ಡ ಪ್ರಾಣಿ ಇಲ್ಲವೇ ಇಲ್ಲ ಎಂದು ಕನ್ನಡಿ ನನಗೆ ನಂಬಿಸಿತ್ತು!

ಪಕ್ಕದ ಮನೆಯಾಕೆ ಕಟ್ಟೆಯ ಮೇಲಿಂದ ಇಣುಕಿ, ರಂಗೋಲಿ ಕಂಡು, ನಮ್ಮ ಎಮ್ಮಿ ಬಸರೈತೇನ್ರಿ, ಸೀಮಂತದ ಕುಬಸಾ ಮಾಡಾಕತ್ತೀರಿ ಎಂದು ಕೇಳಿದರು. ಹೂಂ, ಅದಕ್ಕೊಂದು ಸೀರಿ ತಗೊಂಡ ಬಾ ಎಂದರು ಅತ್ತೆ.

ಅಂದಿನಿಂದ ದಿನವೂ ಬೆಳಿಗ್ಗೆ ಶಿರಹಟ್ಟಿ ರಸ್ತೆಗೆ ಹೋಗುತ್ತಿದ್ದೆವು. ನನಗೆ ದಿನಚರಿ ಬರೆಯುವ ಚಟವಿದೆ. ಎಷ್ಟು ಸಲ ಅವರಿಂದ "ಹೊಳ್ಳಿ ನೋಡು" ಅನ್ನಿಸಿಕೊಂಡೆ ಎಂದು ಗೀಟು ಹಾಕಿಡುತ್ತಿದ್ದೆ. ಮೊದಲ ದಿನ ಗೀಟು ಎಣಿಸಲು ಬೇಸರವಾಗಿತ್ತು. ಮೂರನೆಯ ವಾರದ ಕೊನೆಗೆ ಒಂದು ದಿನ ಗೀಟೇ ಇರಲಿಲ್ಲ. ಆ ಸಂತೋಷದಲ್ಲಿ ಅವರಿಗೆ ಮಿರ್ಚಿ ಭಜಿ ತಿನ್ನಿಸಿದೆ. ಲೈಸೆನ್ಸ್ ಪರೀಕ್ಷೆಯೂ ಪಾಸಾಯಿತು.

ಆಗ ದೊಡ್ಡ ಮಾವನವರು, ಸೊಸೆ ಮೊದಲು ತಮ್ಮನ್ನು ಗದಗಿಗೆ ಕರೆದುಕೊಂಡು ಹೋಗಿ ಬರಲಿ, ಅದನ್ನು ನೋಡಿ ಮುಳಗುಂದದ ಮಾತಾಡೋಣ ಎಂದರು. ಶಾಲೆ ಸೋಮವಾರಕ್ಕೆ ಶುರು. ಅದು ಶುಕ್ರವಾರ.

ನಾನು ಸೀರೆ ಉಟ್ಟು, ಸೆರಗು ತಲೆ ತುಂಬ ಹೊದ್ದು ಕೂತೆ. ಎಡಗಡೆ ಅತ್ತೆ, ಅವರೂ ಸೆರಗು ಹೊದ್ದು. ದೊಡ್ಡ ಮಾವನವರು ರಸ್ತೆ ಕಾಣಲೆಂದು ಹಿಂದಿನ ಸೀಟಿನ ನಡುವೆ ಕೂತರು. ಒಳಗಿನ ಕನ್ನಡಿಯ ತುಂಬ ಅವರ ತಲೆಗೆ ಸುತ್ತಿದ ಬಿಳಿ ಪಟಗ. ಸರಿದು ಕೂಡ್ರಿ ಎಂದು ಹೇಳುವ ಧೈರ್ಯ ಯಾರಿಗಿದೆ? ಗದಗಿನವರೆಗೆ ಹೇಗೋ ಹೋದೆವು. ಹೊರಗಿನ ಕನ್ನಡಿಗಳ ಮೇಲೆ ಭಾರ ಹಾಕಿ ನಿಧಾನವಾಗಿ ಓಡಿಸಿದೆ, ಯಾರನ್ನೂ ದಾಟಲಿಲ್ಲ.

ತಿರುಗಿ ಬರುವಾಗ ಮುಳಗುಂದದ ಈಚೆಗೆ ಉಳ್ಳಾಗಡ್ಡಿ ಚೀಲ ಹೇರಿದ ಟ್ರ್ಯಾಕ್ಟರ್ ಮುಂದೆ ಸಿಕ್ಕಿತು. ಬಹಳ ಹೊತ್ತು ಅದರ ಹಿಂದೆಯೇ ಹೋದೆ. ಏನವಾ, ಊರಿಗೆ ಅದರ ಹಿಂದನ ಹೋಗೂದೇನು ಎಂದು ದೊಡ್ಡ ಮಾವನವರು ಕೇಳಿದರು. ಎದುರಿನ ರಸ್ತೆ ಖಾಲಿಯಿತ್ತು. ಬಲಗಡೆಯ ಕನ್ನಡಿ ನೋಡಿದೆ, ಖಾಲಿ. ಇಂಡಿಕೇಟರ್ ಹಾಕಿದೆ. ಹೊಳ್ಳಿ ನೋಡಬೇಕೆಂದು ಗೊತ್ತಿತ್ತು. ಹೊಳ್ಳಿದರೆ ಹಿರಿಯರ ಮುಖ ಎದುರಾಗುತ್ತದೆ, ಸೆರಗು ಜಾರುತ್ತದೆ. ಕುತ್ತಿಗೆ ಮಿಸುಕಲಿಲ್ಲ. ಸ್ಟೀರಿಂಗ್ ಬಲಕ್ಕೆ ತಿರುಗತೊಡಗಿತು.

"ತಡಿ," ಎಂದರು ಅತ್ತೆ. ಜೋರಾಗಿ ಅಲ್ಲ.

ನೋಡಿದರೆ ಅವರ ಸೆರಗು ಹೆಗಲ ಮೇಲೆ ಬಿದ್ದಿತ್ತು. ಪೂರ್ತಿ ಹಿಂದೆ ತಿರುಗಿ, ಬಲಗಡೆಯ ಹಿಂದಿನ ಕಿಟಕಿಯಾಚೆ ನೋಡುತ್ತಿದ್ದರು. ನಾನು ಸ್ಟೀರಿಂಗ್ ಸರಿಮಾಡಿದೆ. ಒಂದು ಮೋಟರ್ ಸೈಕಲ್ ನಮ್ಮ ಬಾಗಿಲನ್ನು ಸವರಿಕೊಂಡು ಮುಂದೆ ಹೋಯಿತು. ಗಂಡ, ಹೆಂಡತಿ, ಅವಳ ಮಡಿಲಲ್ಲಿ ಟೊಪ್ಪಿಗೆ ಹಾಕಿದ ಕೂಸು.

ಬೇವಿನ ಮರದ ಕೆಳಗೆ ಕಾರು ನಿಲ್ಲಿಸಲು ಅತ್ತೆ ಹೇಳಿದರು. ಕೆಲಸ ಹೋಯಿತು ಎಂದುಕೊಂಡೆ. ಅತ್ತೆ ಸೆರಗನ್ನು ಮೇಲೆತ್ತಿಕೊಳ್ಳಲಿಲ್ಲ. ಬರಿದಲೆಯಲ್ಲೇ ಹಿಂದೆ ತಿರುಗಿ, ಈ ಮನೆಗೆ ಬಂದ ಮೇಲೆ ಮೊದಲ ಸಲ, ಗಂಡನ ಅಣ್ಣನ ಮುಖ ನೋಡಿ ಮಾತಾಡಿದರು.

"ಭಾವಾರ, ತಪ್ಪ ಆಕೀದಲ್ಲ. ತಲಿ ಮ್ಯಾಲೆ ಸೆರಗಿದ್ರ ಬಾಜೂಕ ಏನೂ ಕಾಣಂಗಿಲ್ಲ. ಹೊಳ್ಳಿ ನೋಡಬೇಕಂದ್ರ ನಿಮ್ಮ ಮಾರಿ ಎದುರಾಗತೈತಿ, ಅದಕ್ಕ ನೋಡಲಿಲ್ಲ. ನಿಮ್ಮ ಮರ್ಯಾದಿ ಮನ್ಯಾಗ ಏನೂ ಕಡಿಮಿ ಮಾಡಂಗಿಲ್ಲ ನಾವು. ಆದ್ರ ದಾರ್ಯಾಗಿನ ಮಂದಿ ಜೀವಾ ಒತ್ತಿ ಇಟ್ಟು ಮರ್ಯಾದಿ ಮಾಡಾಕ ಆಗಂಗಿಲ್ರಿ."

ದೊಡ್ಡ ಮಾವನವರು ಮುಂದೆ ಹೋಗುತ್ತಿದ್ದ ಮೋಟರ್ ಸೈಕಲನ್ನು ಕಣ್ಮರೆಯಾಗುವವರೆಗೂ ನೋಡಿದರು. ಆಮೇಲೆ ಎರಡೂ ಕೈಯೆತ್ತಿ ಪಟಗ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವರ ಬೋಳುತಲೆಯನ್ನು ನಾನು ಕಂಡದ್ದು ಅಂದೇ.

"ಇದೂ ಅಡ್ಡ ಬರತಿತ್ತೇನು?" ಎಂದು ನನ್ನನ್ನು ಕೇಳಿದರು.

"ಹೌದ್ರಿ. ಹಿಂದಿನ ಗಾಜ ತುಂಬ ಅದ ಇತ್ರಿ."

"ಮೊದಲ ಬಾಯಿಬಿಟ್ಟ ಹೇಳಬಾರದೇನು?" ಎಂದು ಎಡಗಡೆಯ ತುದಿಗೆ ಸರಿದು ಕೂತರು. "ಈಗ ನಡಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಒಳಗಿನ ಕನ್ನಡಿ, ಬಲಗಡೆಯ ಕನ್ನಡಿ, ಹೆಗಲು. ಮುಂದೆ ಹೋಗಿದ್ದ ಟ್ರ್ಯಾಕ್ಟರನ್ನು ಮತ್ತೆ ಹಿಡಿದು ದಾಟಿದೆ. ಹಿಂದಿನಿಂದ ಒಂದು ಸಣ್ಣ ಕೆಮ್ಮು ಕೇಳಿತು, ಅಷ್ಟೇ. ಮನೆ ಮುಟ್ಟಿ ಇಳಿಯುವಾಗ, ಸೋಮವಾರ ಮನೆಯಿಂದ ಜಲ್ದಿ ಬಿಡು, ದಾರಿಯಲ್ಲಿ ಅವಸರ ಮಾಡಬೇಡ ಎಂದಷ್ಟೇ ಹೇಳಿದರು. ಸಂಜೆ ಅವರಿಗೆ ರೊಟ್ಟಿ ನೀಡಿದಾಗ ಅತ್ತೆಯ ಸೆರಗು ಎಂದಿನಂತೆ ತಲೆಯ ಮೇಲಿತ್ತು.

ಈಗ ದಿನವೂ ಮುಳಗುಂದಕ್ಕೆ ಹೋಗಿ ಬರುತ್ತೇನೆ, ಪ್ರಾರ್ಥನೆಗೆ ಮೊದಲೇ ಮುಟ್ಟುತ್ತೇನೆ. ಕಾರು ಕಲಿತ ಈ ಆರು ವರ್ಷದಲ್ಲಿ ಅತ್ತೆ ತಮಗಾಗಿ ಒಂದು ದಿನವೂ ಭಾವನವರೆದುರು ಅಂಥ ಮಾತು ಆಡಿರಲಿಲ್ಲ. ನನಗಾಗಿ ಆಡಿದರು. ಈ ಋಣವನ್ನು ನಾನು ಹೇಗೆ ತೀರಿಸಲಿ ಎಂದು ಯೋಚಿಸುತ್ತಿದ್ದಾಗಲೇ, ಶಾಲೆ ಶುರುವಾದ ಎರಡನೆಯ ರವಿವಾರ, ದೊಡ್ಡ ಮಾವನವರು ಶಿರಹಟ್ಟಿಗೆ ಹೋಗಬೇಕೆಂದು ಅಂಗಳಕ್ಕೆ ಬಂದರು. ನನ್ನ ಗಂಡ ಕೀಲಿಗೆ ಕೈ ಹಾಕಿದರು.

"ನೀ ಬ್ಯಾಡೋ," ಎಂದರು ದೊಡ್ಡ ಮಾವ. "ನಿಮ್ಮವ್ವನ್ನ ಕರಿ."

ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಒಂದು ಗಳಿಗೆ ಭಾವನವರನ್ನು ನೋಡಿದರು. ಆಮೇಲೆ ಸೆರಗು ಇಳಿಸಿ, ಸೀಟಿಗೆ ಕೌದಿ ಹಾಕಿ ಸ್ಟೀರಿಂಗ್ ಎದುರು ಕೂತು, ನನ್ನ ಎತ್ತರಕ್ಕೆ ಇಟ್ಟಿದ್ದ ಕನ್ನಡಿಗಳನ್ನೆಲ್ಲ ಒಂದೊಂದಾಗಿ ತಮ್ಮ ಕಣ್ಣಿಗೆ ತಿರುಗಿಸಿಕೊಂಡರು.