ವಸ್ತ್ರದ ಮರೆಯ ದರ

ಯುದ್ಧದ ಸುದ್ದಿಗೆ ಬೆಲ್ಲದ ದರ ಬೆಳಿಗ್ಗೆ ಒಂದು, ಸಂಜೆ ಒಂದು ಆಗುತ್ತಿದ್ದ ಕಾಲ. ಹೆಂಡತಿ ತೀರಿಕೊಂಡಿದ್ದಳು. ನಾನು ಮಮದಾಪುರದ ಸಾಲೆಯ ಮಾಸ್ತರ. ನಮ್ಮ ಹೊಲದ ಬೆಲ್ಲ ಮಾರಿ, ಅವಳ ಆಸೆಯಂತೆ ಮಗಳನ್ನು ಬೆಳಗಾವಿಯ ಸಾಲೆಗೆ ಕಳಿಸಲು ಗೋಕಾಕದ ಪೇಟೆಗೆ ಹೋದೆ.

ದಲಾಲ ಪೇಟೆಯ ರೂಢಿಯಂತೆ, ಬೇರೆಯವರಿಗೆ ತಿಳಿಯದಂತೆ ವಸ್ತ್ರದ ಮರೆಯಲ್ಲಿ ನನ್ನ ಬೆರಳು ಒತ್ತಿ ದರ ಹೇಳಿದ. ಒಪ್ಪಿಗೆಯಾದರೆ ಕೈ ಬಿಡಬೇಕು; ಹಿಡಿದೇ ಇದ್ದರೆ ಇನ್ನೂ ಹೆಚ್ಚು ಬೇಕೆಂದು ಅರ್ಥ. ಅವಳು ಹೋದ ಮೇಲೆ ಯಾರೂ ನನ್ನ ಕೈ ಹಿಡಿದಿರಲಿಲ್ಲ. ನಾನು ಬಿಡಲಿಲ್ಲ.

"ಭಾಳ ಗಟ್ಟಿ ಅದೀರಿ ಮಾಸ್ತರ! ತಗೋರಿ, ಇನ್ನೊಂದು ರೂಪಾಯಿ."

ಆಗಲೂ ಬಿಡಲಾಗಲಿಲ್ಲ.

"ಇಷ್ಟು ಆಸೆ ಇರಬಾರದ್ರಿ!" ಎಂದು ಕೈ ಕಿತ್ತುಕೊಂಡು ಹೋದ.

ಬೆಲ್ಲ ಮಮದಾಪುರಕ್ಕೆ ಮರಳಿತು. "ಮಾಸ್ತರು ಮಾರಲಿಲ್ಲಂದ್ರ ಏನರ ಲೆಕ್ಕ ಇರಬೇಕು," ಎಂದು ಊರವರೂ ತಮ್ಮದನ್ನು ತಡೆದಿಟ್ಟರು. ವಾರದೊಳಗೆ ದರ ಕುಸಿಯಿತು. ಮಗಳು ಮನೆಯಲ್ಲೇ ಉಳಿದಳು.

"ಈಗರ ಮಾರೂಣೇನ್ರಿ ಮಾಸ್ತರ?" ಎಂದು ಅವರು ಆಮೇಲೂ ನನ್ನನ್ನೇ ಕೇಳುತ್ತಿದ್ದರು.