ಹನ್ನೊಂದು ಖಾಲಿ ಚೌಕಗಳು

ಕೊನೆಯ ಮಾಮೂಲಿ ದಿನ ಶುಕ್ರವಾರ. ಕೆಂಪಾಪುರದ ನಮ್ಮ ಬಾಡಿಗೆ ಮನೆಯಲ್ಲಿ ನಾನು ಚಹಾ ಸೋಸುತ್ತಿದ್ದೆ. ಹೆಂಡತಿ ಎದ್ದವಳೇ, ಮುಖವನ್ನೂ ತೊಳೆಯದೆ, ಮೊಬೈಲ್ ನೋಡಿ, "ಇಪ್ಪತ್ತೊಂಬತ್ತು ಪಾಯಿಂಟ್ ನಾಲ್ಕು. ಅಲೆ ಒಂದೂವರೆ ಮೀಟರ್" ಎಂದಳು.

ಅದು ಬಂಗಾಳ ಕೊಲ್ಲಿಯ ನೀರಿನ ಬಿಸಿ. ನಡುಗಡಲಿನಲ್ಲಿ ಲಂಗರು ಹಾಕಿ ಬಿಟ್ಟ ಒಂದು ತೇಲುಯಂತ್ರ ಅದನ್ನು ಅಳೆದು ಉಪಗ್ರಹದ ಮೂಲಕ ಕಳಿಸುತ್ತಿರುತ್ತದೆ. ಅವಳು ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಬೆಳಗಿನ ಅಂಕಿಯನ್ನು ಎಂಟನೇ ಕ್ಲಾಸಿನ ಮಕ್ಕಳು ಗೋಡೆಗೆ ಅಂಟಿಸಿದ ಉದ್ದನೆಯ ಹಾಳೆಯಲ್ಲಿ ದಿನಕ್ಕೊಂದು ಚೌಕದಂತೆ ಬರೆದು, ಮಳೆ ಯಾಕೆ ತಡ, ಚಂಡಮಾರುತ ಹೋದಮೇಲೆ ನೀರು ಯಾಕೆ ತಣ್ಣಗಾಯಿತು ಎಂದು ಜಗಳ ಆಡುತ್ತಿದ್ದರಂತೆ. ಒಂದು ವರ್ಷ, ಒಂದು ದಿನವೂ ಬಿಡದೆ ಬರೆಯುವುದು ಅವರ ಹಟ. ಭಾನುವಾರದ್ದನ್ನು ಅವಳು ಚೀಟಿಯಲ್ಲಿ ಬರೆದು ಸೋಮವಾರ ಒಯ್ಯುತ್ತಿದ್ದಳು.

"ನನ್ನ ಬಿಪಿ ಎಷ್ಟಿದೆ ಅಂತ ಒಂದಿನಾನಾದ್ರೂ ಕೇಳಿದ್ದೀಯಾ?" ಎಂದೆ.

"ನೀವು ಎದುರಿಗೇ ಇದ್ದೀರಲ್ರೀ. ಅದು ಪಾಪ, ಅಷ್ಟು ದೂರ ಒಂದೇ ಇದೆ."

"ಹಂಗಾದ್ರೆ ಅದಕ್ಕೂ ಒಂದು ಟಿಫನ್ ಕಟ್ಬಿಡು."

ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಮಾರನೆಯ ದಿನ ಶಾಲೆಯಿಂದ ಬಂದವಳು ಅಡುಗೆಮನೆಯಲ್ಲಿ ಕುಸಿದಳು. ಆಸ್ಪತ್ರೆಗೆ ಒಯ್ಯುವಾಗ ಹೆಬ್ಬಾಳದ ಫ್ಲೈಓವರ್ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರನೆಯ ದಿನ ಅವಳ ಶಾಲೆಯ ಮುಖ್ಯೋಪಾಧ್ಯಾಯಿನಿ ಮನೆಗೆ ಬಂದರು. ಹೋಗುವಾಗ ಬಾಗಿಲಲ್ಲಿ ನಿಂತು, ಸಂಕೋಚದಿಂದ, "ಮಕ್ಕಳು ಕೇಳ್ತಿದಾರೆ. ಆ ಅಂಕಿ ಬರೋ ಪುಟ ನಮಗೆ ಯಾರಿಗೂ ಸಿಗ್ತಿಲ್ಲ. ಮೇಡಂ ಫೋನಲ್ಲಿದೆಯಂತೆ" ಎಂದರು.

"ಫೋನ್ ಕೆಟ್ಟಿದೆ" ಎಂದೆ.

ಫೋನ್ ನನ್ನ ಅಂಗಿ ಜೇಬಿನಲ್ಲೇ ಇತ್ತು. ದಿನಾ ಚಾರ್ಜ್ ಮಾಡುತ್ತಿದ್ದೆ, ತೆರೆಯುತ್ತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಯಶವಂತಪುರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಹಿಡಿದವನು. ನನ್ನ ಕೆಲಸದ ಬಗ್ಗೆ ಅವಳು ಅಷ್ಟು ಆಸೆಯಿಂದ ಕೇಳಿದ್ದು ನೆನಪಿಲ್ಲ. ಬೆಳಗಿನ ಅವಳ ಮೊದಲ ಮಾತು ಅಷ್ಟೂ ವರ್ಷ ಬೇರೆ ಯಾರಿಗೋ ಹೋಗಿತ್ತು. ಈಗ ಆ ಸಮುದ್ರವನ್ನೂ ಯಾರೂ ವಿಚಾರಿಸುವುದು ಬೇಡ ಎನಿಸಿತ್ತು.

ಕಾರ್ಯ ಮುಗಿದ ಮೇಲೆ, ಅವಳು ಹೋಗಿ ಹನ್ನೆರಡು ದಿನಕ್ಕೆ, ನಾಚಿಕೆಯಾಗಿ ಫೋನ್ ತೆಗೆದುಕೊಂಡು ಶಾಲೆಗೆ ಹೋದೆ. ಹಾಳೆಯ ಉಸ್ತುವಾರಿ ಹೊತ್ತ ಎರಡು ಜಡೆಯ ಹುಡುಗಿ ಪುಟ ತೆರೆದಳು. ಹೊಸ ಅಂಕಿ ಬಂದರೆ ಹಳೆಯದು ಹೋಗಿಬಿಡುವ ಪುಟ ಅದು. ಅಂದಿನದು ಮಾತ್ರ ಇತ್ತು.

"ಮಿಸ್ ಇದನ್ನ ಓದೋ ಮುಂಚೆ ಜೋರಾಗಿ ಉಸಿರು ಎಳ್ಕೊಳ್ತಿದ್ರು ಅಂಕಲ್. ಉಪ್ಪಿನ ಗಾಳಿ ಬಂತು ಕಣ್ರೋ ಅಂತ" ಎಂದಳು.

ಮನೆಯಲ್ಲಿ ಅವಳು ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ. ಅದೂ ಇವರ ಪಾಲಾಗಿತ್ತು.

ಮಕ್ಕಳು ಬಿಸಿಯೂಟಕ್ಕೆ ಹೋದಾಗ ಹಾಳೆಯ ಮುಂದೆ ನಿಂತೆ. ಹನ್ನೊಂದು ಚೌಕ ಖಾಲಿ. ಪೆನ್ಸಿಲ್ ತೆಗೆದು ಹಿಂದುಮುಂದಿನ ಅಂಕಿ ನೋಡಿಕೊಂಡು ತುಂಬಿಸಿಬಿಟ್ಟೆ. ಲೇತಿನ ಮೇಲೆ ಅಂದಾಜಿನಲ್ಲಿ ಕೆಲಸ ಮಾಡಿದವನಲ್ಲ ನಾನು. ಆದರೂ ಮಾಡಿದೆ. ಆ ಹಾಳೆಯಲ್ಲಿ ನನ್ನ ಕೈಬರಹವೂ ಇರಲಿ ಎಂಬ ಆಸೆಯೂ ಇತ್ತು.

ಹುಡುಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. "ಇವೆಲ್ಲಿ ಸಿಕ್ಕಿದ್ವು ಅಂಕಲ್?"

"ಅಂದಾಜು."

"ಅಂದಾಜು ಹಾಕಂಗಿಲ್ಲ. ಮಿಸ್ ಬೈತಿದ್ರು. ಸಿಗ್ದೇ ಇದ್ರೆ ಖಾಲಿ ಬಿಡ್ಬೇಕು." ಹಾಳೆ ನೋಡುತ್ತ, "ಮಿಸ್ ಫೋನ್ ಕೆಟ್ಟಿತ್ತಲ್ಲ, ಏನ್ ಮಾಡಕ್ಕಾಗುತ್ತೆ" ಎಂದಳು.

"ಕೆಟ್ಟಿರ್ಲಿಲ್ಲಮ್ಮ. ನಾನೇ ಕೊಡ್ಲಿಲ್ಲ."

ಅವಳು ಜಾಮಿಟ್ರಿ ಬಾಕ್ಸಿನಿಂದ ರಬ್ಬರ್ ತೆಗೆದು ನನ್ನ ಕೈಗೆ ಕೊಟ್ಟಳು. ಒಂದೊಂದಾಗಿ ಅಳಿಸಿದೆ.

ಅಂದಿನಿಂದ ಬೆಳಿಗ್ಗೆ ಎದ್ದ ತಕ್ಷಣ ನಾನೇ ಅಂಕಿ ನೋಡಿ ಶಾಲೆಗೆ ಕಳಿಸತೊಡಗಿದೆ. ಮಕ್ಕಳ ವರ್ಷ ಮುಗಿಯಿತು. ಹಾಳೆ ಈಗಲೂ ಗೋಡೆಯ ಮೇಲಿದೆ. ಅದರಲ್ಲಿ ಹನ್ನೊಂದು ದಿನದ ಸಮುದ್ರ ಇಲ್ಲ.